ಹಲಾಲ್ ಆದರೆ ಸಾಕೇ? ಅರಶಿನದಲ್ಲಿ ಅಡಗಿದ ಸೀಸ

ಮದುವೆಯಾಗಿ ಎರಡು ವರ್ಷವಾದರೂ ಮಗುವಾಗದಿದ್ದರೆ, ನಿಂತ ಗರ್ಭ ಉಳಿಯದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಪ್ರಶ್ನಿಸಲ್ಪಡುವವಳು ಸೊಸೆ. ಮಗನನ್ನು ಯಾರೂ ಕೇಳುವುದಿಲ್ಲ. ಅಡುಗೆಮನೆಯ ಕಡೆಗಂತೂ ಯಾರೂ ನೋಡುವುದಿಲ್ಲ. ಇಂತಹ ತೊಂದರೆಗಳಿಗೆ ಕಾರಣಗಳು ಹಲವು. ಆದರೆ ನಾವು ಗಮನಿಸದೇ ಇರುವ ಒಂದು ಕಾರಣ ನಮ್ಮ ಊಟದಲ್ಲೇ ಇರಬಹುದು. ಅದು ಸೀಸ.

ಸೀಸವು ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸಬಲ್ಲದು. ಸ್ತ್ರೀಯರಲ್ಲಿ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಹುಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಮಕ್ಕಳ ಬುದ್ಧಿಶಕ್ತಿಗೂ ಹಾನಿಕರ. ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಸೀಸಕ್ಕಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಇದು ತಿಂದವರೊಂದಿಗೇ ಮುಗಿಯುವ ವಿಷವಲ್ಲ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಗರ್ಭ ಧರಿಸಿದಾಗ, ಹಾಲೂಡಿಸುವಾಗ ತಾಯಿಯ ಎಲುಬಿನಿಂದ ಕ್ಯಾಲ್ಸಿಯಂ ಕರಗಿ ಮಗುವಿಗೆ ಹೋಗುತ್ತದೆ; ಜೊತೆಗೆ ಸೀಸವೂ ಹೋಗುತ್ತದೆ. ಹತ್ತರ ವಯಸ್ಸಿನಲ್ಲಿ ಹುಡುಗಿ ತಿಂದದ್ದು ಇಪ್ಪತ್ತೈದರಲ್ಲಿ ಅವಳ ಮಗುವನ್ನು ತಲುಪಬಹುದು. ಹೊಟ್ಟೆಯಲ್ಲಿರುವುದು ಹೆಣ್ಣು ಮಗುವಾದರೆ ಅದರ ಅಂಡಾಣುಗಳೂ ಅಲ್ಲಿಯೇ ರೂಪುಗೊಳ್ಳುತ್ತವೆ. ಅಂದರೆ ಬಸುರಿಯ ತಟ್ಟೆಯ ಮುಂದೆ ಮೂರು ತಲೆಮಾರು ಕೂತಿರುತ್ತದೆ.

ಸೀಸ ಅಡುಗೆಮನೆಗೆ ಬರುವುದು ಹೇಗೆ? ಒಂದು ದಾರಿ ಅರಶಿನ. ಬಣ್ಣ ಮಾಸಿದ ಅರಶಿನ ಕೊಂಬು ಹೊಳೆಯಲೆಂದು ಕೆಲವು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಾರೆ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ನೆರೆಯಿಂದ ಒದ್ದೆಯಾಗಿ ಕಪ್ಪಾದ ಅರಶಿನವನ್ನು ಮಾರಲು ಈ ಚಾಳಿ ಆರಂಭವಾಯಿತು. ಅಲ್ಲಿನ ಬಸುರಿಯರ ರಕ್ತದಲ್ಲಿದ್ದ ಸೀಸದ ಮೂಲ ಹುಡುಕಿದಾಗ ಸಿಕ್ಕಿದ್ದು ಅರಶಿನವೇ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳ ಪೈಕಿ ಶೇ. 47ರಲ್ಲಿ ಸೀಸವಿತ್ತು. ಸರಕಾರ ದಾಳಿ ಮಾಡಿ ದಂಡ ವಿಧಿಸಿತು, ಜನರಿಗೆ ತಿಳಿಹೇಳಿತು. 2021ರ ವೇಳೆಗೆ ಅದು ಸೊನ್ನೆಗಿಳಿಯಿತು. ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು. ನಮ್ಮ ದೇಶದ ಪಾಟ್ನಾದ ಅರಶಿನದಲ್ಲೂ ಇಂತಹ ಬೆರಕೆ ಪತ್ತೆಯಾಗಿದೆ.

ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ಅಡಗಿಸಿದ ಒದ್ದೆ ಧಾನ್ಯವನ್ನು ಬಯಲು ಮಾಡಿದ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಮಾಂಸ ಕೊಳ್ಳುವಾಗ ಹಲಾಲ್ ಹೌದೇ ಎಂದು ಎರಡೆರಡು ಸಲ ಕೇಳುತ್ತೇವೆ. ಅದಕ್ಕೆ ಹಾಕುವ ಮಸಾಲೆ ತಯ್ಯಿಬ್ ಹೌದೇ ಎಂದು ಒಮ್ಮೆಯೂ ಕೇಳುವುದಿಲ್ಲ. ಕುರ್‌ಆನ್ ಇವೆರಡನ್ನೂ ಜೊತೆಯಾಗಿಯೇ ಹೇಳಿದೆ.

ನನ್ನ ವೈದ್ಯಪದ್ಧತಿಯ ಹೆಸರಿನಲ್ಲಿ ನಡೆಯುವುದನ್ನೂ ಹೇಳಬೇಕು. ಲೇಬಲ್ ಇಲ್ಲದ ಡಬ್ಬಿಯಲ್ಲಿ 'ಶಕ್ತಿ ಮದ್ದು' ಎಂದು ಮಾರುವ ಕುಶ್ತಾಗಳನ್ನು ಮಗುವಿನ ಆಸೆಯಿಂದ ನುಂಗಬೇಡಿ. ಕುಶ್ತಾ ಎಂದರೆ ಲೋಹ, ಖನಿಜಗಳ ಭಸ್ಮ. ಸರಿಯಾಗಿ ತಯಾರಾಗದಿದ್ದರೆ ಅದೇ ವಿಷ. ಹಾಗೆಯೇ, ಇಸ್ಮಿದ್ ಎಂದು ಹೇಳಿ ಮಾರುವ ಸುರ್ಮಾದಲ್ಲಿ ಹೆಚ್ಚಿನದು ಸೀಸದ ಅದಿರು. ಮಕ್ಕಳು ಕಣ್ಣುಜ್ಜಿದ ಕೈಯನ್ನು ಬಾಯಿಗಿಡುತ್ತಾರೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಕಣ್ಣು ಕುಕ್ಕುವ ಹಳದಿಯ ಅರಶಿನ ಬೇಡ, ಕೊಂಬು ಕೊಳ್ಳುವುದಾದರೆ ಪಾಲಿಶ್ ಮಾಡದ, ಒರಟು ಸಿಪ್ಪೆಯದನ್ನೇ ಆರಿಸಿ. ತಾಮ್ರದ ಪಾತ್ರೆಗೆ ಶುದ್ಧ ತವರದಲ್ಲೇ ಕಲಾಯಿ ಹಾಕಿಸಿ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಣಸೆ, ಮೊಸರು, ಲಿಂಬೆ ಹಾಕಿದರೆ ಸೀಸ ಅಡುಗೆಗೆ ಇಳಿಯುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಹೆಣ್ಣುಮಕ್ಕಳಿಗೆ ರಾಗಿ, ಎಳ್ಳು, ಹಾಲು, ಸೊಪ್ಪು ಚಿಕ್ಕಂದಿನಿಂದಲೇ ಕೊಡಿ, ಗರ್ಭಿಣಿಯಾಗುವವರೆಗೆ ಕಾಯಬೇಡಿ. ಸಂಶಯವಿದ್ದರೆ ದಂಪತಿಗಳಿಬ್ಬರೂ ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಿಕೊಳ್ಳಲಿ.

ಆಹಾರ ಸುರಕ್ಷತಾ ಕಾಯ್ದೆಯಂತೆ ಶುಲ್ಕ ಕಟ್ಟಿ ಯಾವುದೇ ಗ್ರಾಹಕ ಆಹಾರವನ್ನು ಪರೀಕ್ಷೆಗೊಳಪಡಿಸಬಹುದು. ಒಂದೊಂದು ಮನೆಗೆ ಇದು ಕಷ್ಟವಾದರೆ ಜಮಾಅತ್ ಕಮಿಟಿ ಊರಿನ ಅಂಗಡಿಗಳ ಅರಶಿನವನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳುಹಿಸಲಿ. ವಲೀಮಾದ ಊಟಕ್ಕೆ ನಾವು ಮಾಡುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಸೊಸೆಯ ಕಣ್ಣೀರಿಗಿಂತಲೂ ಇದು ಅಗ್ಗ.