ಶರ್ಮಾರ ಪಕ್ಕ ಕೂತಿದ್ದವರು

ರಾಕೇಶ್ ಶರ್ಮಾ ಯಾರೆಂದು ಕೇಳಿದರೆ ನಮ್ಮಲ್ಲಿ ಕೈ ಎತ್ತದವರಿಲ್ಲ. ಆದರೆ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಅವರ ಜೊತೆ ಹೋದ ಇಬ್ಬರು ರಷ್ಯನ್ನರು ಯಾರು? ಎಲ್ಲರೂ ಗಪ್‌ಚಿಪ್! ಒಬ್ಬರು ಕಮಾಂಡರ್ ಯೂರಿ ಮಾಲಿಶೆವ್. ಇನ್ನೊಬ್ಬರು ಎಂಜಿನಿಯರ್ ಗೆನ್ನಾದಿ ಸ್ಟ್ರೆಕಲೋವ್. ನನ್ನ ಮಾತು ಈ ಎರಡನೆಯವರ ಬಗ್ಗೆ.

ಶಾಲೆ ಮುಗಿಸಿ ಕಾರ್ಖಾನೆಯಲ್ಲಿ ತಾಮ್ರದ ಕೆಲಸ ಕಲಿಯುತ್ತಿದ್ದ ಹುಡುಗ, ಆಮೇಲೆ ಓದಿ ಎಂಜಿನಿಯರ್ ಆದವರು. 1980ರ ಮೊದಲ ಯಾನ ಸುಸೂತ್ರವಾಯಿತು. 1983ರ ಏಪ್ರಿಲ್‌ನಲ್ಲಿ ಎರಡನೆಯದು. ನೌಕೆಯ ರಾಡಾರ್ ಆಂಟೆನಾ ಮುರಿದು, ಸಲ್ಯೂತ್-7 ನಿಲ್ದಾಣಕ್ಕೆ ಸೇರಲಾಗದೆ, ಎರಡೇ ದಿನಕ್ಕೆ ಬರಿಗೈಲಿ ವಾಪಸ್. ಸೆಪ್ಟೆಂಬರ್ 26ರಂದು ಅದೇ ಕಮಾಂಡರ್ ವ್ಲಾದಿಮಿರ್ ತಿತೋವ್ ಜೊತೆ ಮತ್ತೆ ಹೊರಟರು. ಹಾರಲು ಒಂದೂವರೆ ನಿಮಿಷ ಇರುವಾಗ ರಾಕೆಟ್ ಬುಡಕ್ಕೆ ಬೆಂಕಿ! ತುದಿಯಲ್ಲಿದ್ದ ರಕ್ಷಣಾ ರಾಕೆಟ್ ಇವರಿಬ್ಬರಿದ್ದ ಭಾಗವನ್ನು ಕಿತ್ತೊಯ್ದು, ಸುಮಾರು 4 ಕಿಲೋಮೀಟರ್ ಆಚೆ ಜೀವಂತವಾಗಿ ಇಳಿಸಿತು. ಹಿಂದೆ ರಾಕೆಟ್ ಸಿಡಿದುಹೋಯಿತು.

ಹೀಗೆ ಒಂದೇ ವರ್ಷದಲ್ಲಿ ಎರಡು ಸೋಲು. ಆದರೂ ಆರು ತಿಂಗಳ ನಂತರದ ಭಾರತ-ರಷ್ಯಾ ಯಾನಕ್ಕೆ ಮೊದಲು ಗೊತ್ತಾಗಿದ್ದ ಎಂಜಿನಿಯರ್ ಕಾಯಿಲೆ ಬಿದ್ದಾಗ, ಕರೆದದ್ದು ಇವರನ್ನೇ. ಇವರೂ ಬರೋದಿಲ್ಲ ಅನ್ನಲಿಲ್ಲ. ಮೂವರಿಗೂ ನಮ್ಮ ಸರ್ಕಾರ ಅಶೋಕಚಕ್ರ ಕೊಟ್ಟಿತು.

ಇದನ್ನು ಓದಿದಾಗ ನನ್ನ ಕಥೆ ನೆನಪಾಯ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಎಫ್.ವೈ.ನಲ್ಲಿ ಎಕನಾಮಿಕ್ಸ್ ನಪಾಸು, ಎಟಿಕೆಟಿ. ಉತ್ತರ ಗೊತ್ತಿತ್ತು, ಇಂಗ್ಲಿಷ್ ಕೈಕೊಟ್ಟಿತು. ಹೋಟೆಲ್ ನಡೆಸುವ ಅಣ್ಣ, "ಸಾಕು ಮಾರಾಯ, ನಾಳೆಯಿಂದ ಗಲ್ಲಾದಲ್ಲಿ ಕೂತ್ಕೋ" ಎಂದ. ಅಮ್ಮ ಅಡ್ಡ ಬಾರದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

"ಆಂಟೆನಾ ಮುರಿದದ್ದು ಅವರ ತಪ್ಪಲ್ಲ, ನಪಾಸಾದದ್ದು ನಿನ್ನ ತಪ್ಪು" ಎಂದು ನೀವು ಹೇಳಬಹುದು. ಒಪ್ಪಿದೆ, ಓದು ಸಾಲದೆ ನಪಾಸಾದವರೂ ಇದ್ದಾರೆ. ಆದರೆ ಗೊತ್ತಿದ್ದ ಉತ್ತರ ಇಂಗ್ಲಿಷಿನಲ್ಲಿ ಬಾರದೇ ಹೋಗುವುದು ಆಂಟೆನಾ ಮುರಿದ ಹಾಗೇ ಅಲ್ಲವೇ? ಆಂಟೆನಾ ರಿಪೇರಿ ಮಾಡಬೇಕು, ಮನುಷ್ಯನನ್ನೇ ಬಿಸಾಡಬಾರದು. ನಮ್ಮಲ್ಲಿ ಎಟಿಕೆಟಿ ಅಂದರೆ ಸಾಕು, ಹುಡುಗನ ಹೆಸರೇ ಅದಾಗುತ್ತದೆ. ನಮ್ಮ ಸಂಘದ ಸೀನಿಯರ್‌ಗಳು ವಾರಕ್ಕೊಂದು ಗಂಟೆ ಎಫ್.ವೈ. ಹುಡುಗರ ಜೊತೆ ಕೂತು ಇಂಗ್ಲಿಷಿನಲ್ಲಿ ಉತ್ತರ ಬರೆಯುವುದನ್ನು ಹೇಳಿಕೊಡಲಿ. ಮೊದಲ ದಿನ ನಾನು ಬರುತ್ತೇನೆ.

ಸ್ಟ್ರೆಕಲೋವ್ 2004ರಲ್ಲಿ ತೀರಿಕೊಂಡರು. ಐದು ಯಾನ, ಒಟ್ಟು 268 ದಿನ ಬಾಹ್ಯಾಕಾಶದಲ್ಲಿ. ಬೆಂಕಿ ಬಿದ್ದ ಆ ದಿನ ಈ ಲೆಕ್ಕದಲ್ಲಿ ಸೇರಿಲ್ಲ.