ಕಾಡಿನ ಮೇಲೇಕೆ ದೂರು?

"ನಿಮ್ಮದು ಕಾಡಲ್ವಾ, ಹಾಗೇ ಆಗ್ತದೆ." ಫೋನಿನಲ್ಲಿ ಮಾತು ತುಂಡುತುಂಡಾಗುತ್ತದೆ ಎಂದು ದೂರು ಕೊಟ್ಟರೆ ಸಿಗುವ ಉತ್ತರ ಇದೊಂದೇ. ಶಿರಸಿಯಲ್ಲೂ ಇದೇ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಇದೇ. 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಬಂದ ಹೆಣ್ಣುಮಕ್ಕಳಲ್ಲಿ ಕೆಲವರು ಇಲ್ಲೇ ನಿಂತು, ಜಗಲಿಯ ಮೂಲೆಯನ್ನೇ ಆಫೀಸು ಮಾಡಿಕೊಂಡಿದ್ದಾರೆ. ಅವರ ಆಫೀಸಿನ ಫೋನು ನಡೆಯುವುದೂ ಇಂಟರ್‌ನೆಟ್ಟಿನ ಮೇಲೆಯೇ. ಗಿರಾಕಿಗೆ ಮಾತು ಕೇಳಿಸದಿದ್ದರೆ ಮೇಲಿನವರು ಹೇಳುವುದು, "ವಾಪಸು ಬನ್ನಿ, ಇಲ್ಲವೇ ಕೆಲಸ ಬಿಡಿ." ಹಾಸಿಗೆ ಹಿಡಿದ ಅತ್ತೆಯನ್ನೋ ಅಪ್ಪನನ್ನೋ ನೋಡಿಕೊಂಡು ದುಡಿಯುವವಳು ಬಿಡುವುದು ಯಾವುದನ್ನು?

ಈ ಕಾಡಿನ ನೆಪವನ್ನು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ. ಇಂಟರ್‌ನೆಟ್ ಫೋನು ನಮ್ಮ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣ ಕಟ್ಟಿ ಕಳಿಸುತ್ತದೆ. ಅದಕ್ಕೆ ಬೇಕಾದ ದಾರಿ ಹೆಚ್ಚೆಂದರೆ 100 ಕಿಲೋಬಿಟ್. ನಮಗೆ 30 ಮೆಗಾಬಿಟ್ ಎಂದು ಮಾರುತ್ತಾರೆ, ಅಂದರೆ ಅದರ 300 ಪಟ್ಟು! ಪೊಟ್ಟಣಗಳು ಸಮನಾದ ಅಂತರದಲ್ಲಿ, 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಾಕು. ಅತ್ತ ಭಾವನ ಮೊಬೈಲು ಮದುವೆಯ ವಿಡಿಯೋ ಕಳಿಸುತ್ತಿದ್ದರೆ ಮಾತಿನ ಪೊಟ್ಟಣ ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ತಡವಾಗಿ ಬಂದದ್ದನ್ನು ಫೋನು ಎಸೆದುಬಿಡುತ್ತದೆ. ನಮಗೆ ಕೇಳುವುದು ಅರ್ಧ ಶಬ್ದ. ಮಾತಿಗೆ ಮೊದಲ ಸರದಿ ಕೊಡುವ ಸೌಲಭ್ಯ ಎಷ್ಟೋ ರೌಟರುಗಳಲ್ಲಿದೆ. ಜೋಡಿಸಲು ಬಂದ ಹುಡುಗ ಅದನ್ನು ತೆರೆದು ತೋರಿಸಿದ್ದನ್ನು ನಾನಂತೂ ಕಂಡಿಲ್ಲ. ದಪ್ಪ ಮಣ್ಣಿನ ಗೋಡೆಯಾಚೆ ವೈಫೈ ಸೊರಗುತ್ತದೆ, ತಂತಿ ಎಳೆದುಕೊಳ್ಳಿ ಎಂದು ಹೇಳುವವರೂ ಇಲ್ಲ.

ಇನ್ನು ಕರೆಂಟು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಆಷಾಢದ ಮಳೆಗೆ ಊರೆಲ್ಲ ಕತ್ತಲಾದರೂ, ಫೋನಿನ ತಂತಿಯ ಮೇಲೇ ಮರ ಬೀಳದಿದ್ದರೆ, ಅದು ಟ್ರಿಣ್ ಎನ್ನುತ್ತಿತ್ತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವಿಲ್ಲದೆಯೂ ನಡೆಯುವ 128 ಲೈನಿನ ಎಕ್ಸ್‌ಚೇಂಜನ್ನು ಹಳ್ಳಿಗೆಂದೇ ಮಾಡಿತು. ಊರಿಗೆ ಯಂತ್ರ ಒಗ್ಗಬೇಕೆಂಬ ಬುದ್ಧಿ ಆಗ ಇತ್ತು. ಫೈಬರಿನಲ್ಲಿ ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋದೊಡನೆ ಗೋಡೆಯ ಮೇಲಿನ ಡಬ್ಬಿಯೂ ಸಾಯುತ್ತದೆ. ಅದಕ್ಕೊಂದು ಚಿಕ್ಕ ಬ್ಯಾಟರಿ ಬೇಕೆಂದು ಮೊದಲೇ ಹೇಳುವವರು ಯಾರು?

ಜೋಡಿಸಲು ಬಂದವನಿಗೆ ಚಹಾ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಮಾತಿಗೆ ಮೊದಲ ಸರದಿ ಹಾಕಿ, ಮೇನ್ ಸ್ವಿಚ್ ಆರಿಸಿ, ಒಂದು ಕರೆ ಮಾಡಿ ತೋರಿಸುವ ತನಕ ಸಹಿ ಹಾಕಬೇಡಿ. ಬ್ಯಾಟರಿಯ ಖರ್ಚನ್ನು ದುಡಿಸಿಕೊಳ್ಳುವ ಆಫೀಸೇ ಕೊಡಲಿ. ಬೆಂಗಳೂರಿನ ಕಟ್ಟಡಕ್ಕೆ ಜನರೇಟರ್ ಇಟ್ಟುಕೊಂಡವರು ಅವರೇ ತಾನೆ?