ಸ್ಥಾವರದ ಬಳಿ ನಿಲ್ಲುವ ಇಂಜಿನಿಯರ್

ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿರುವ ವಿದ್ಯಾರ್ಥಿಯನ್ನು ಮುಂದೆ ಏನಾಗಬಯಸುವೆಯೆಂದು ಕೇಳಿದರೆ, 'ಇಂಜಿನಿಯರ್' ಎಂಬ ಉತ್ತರವು ಥಟ್ಟನೆ ಬರುತ್ತದೆ. ಎಂತಹ ಇಂಜಿನಿಯರ್ ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಹುಡುಗ ತಡವರಿಸುತ್ತಾನೆ. ಸೇತುವೆ ಕಟ್ಟುವವನನ್ನು ಅವನು ಕಂಡಿದ್ದಾನೆ, ಗಣಕಯಂತ್ರದ ಮುಂದೆ ಕುಳಿತವನ ಸಂಬಳದ ವಿಷಯವನ್ನು ಕೇಳಿದ್ದಾನೆ. ಆದರೆ ತನ್ನ ಮನೆಯ ಒಲೆಯಲ್ಲಿ ಪ್ರತಿದಿನವೂ ಉರಿಯುವ ನೀಲಿ ಜ್ವಾಲೆಯ ಹಿಂದೆಯೂ ಒಬ್ಬ ಇಂಜಿನಿಯರ್ ಇದ್ದಾನೆಂಬುದು ಅವನಿಗೆ ಹೊಳೆಯುವುದಿಲ್ಲ. ತೈಲ ಮತ್ತು ಅನಿಲ ಸಂಸ್ಕರಣ ಸ್ಥಾವರಗಳಲ್ಲಿ ದುಡಿಯುವ ಈ ಇಂಜಿನಿಯರನ ವೃತ್ತಿಜೀವನವನ್ನು ಕುರಿತು ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಭೂಗರ್ಭದಿಂದ ಬಾವಿಯ ಮೂಲಕ ಮೇಲೇರಿ ಬರುವ ವಸ್ತುವು ನಾವು ಉರಿಸುವ ಅನಿಲವಲ್ಲ. ಎಣ್ಣೆ, ಅನಿಲ, ಉಪ್ಪುನೀರು, ಮರಳು ಎಲ್ಲವೂ ಒಂದರೊಳಗೊಂದು ಬೆರೆತ ಕಲಸುಮೇಲೋಗರವದು. ಮೊದಲು ದೊಡ್ಡ ಪಾತ್ರೆಗಳಲ್ಲಿ ಇವುಗಳನ್ನು ಬೇರ್ಪಡಿಸಬೇಕು. ಅನಿಲದಲ್ಲಿ ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಇದ್ದರೆ ಅಮೈನ್ ದ್ರಾವಣದಿಂದ ಅದನ್ನು ತೊಳೆದು ತೆಗೆಯಬೇಕು. ನೀರಿನ ಆವಿಯನ್ನು ಗ್ಲೈಕಾಲ್ ಎಂಬ ದ್ರವದಿಂದ ಹೀರಿಸಬೇಕು. ಇಲ್ಲವಾದರೆ ಹೆಚ್ಚಿನ ಒತ್ತಡದಲ್ಲಿಯೂ ತಂಪಿನಲ್ಲಿಯೂ ನೀರು ಅನಿಲದೊಡನೆ ಸೇರಿ ಮಂಜುಗಡ್ಡೆಯಂತೆ ಗಟ್ಟಿಯಾಗಿ ಕೊಳವೆಯನ್ನೇ ಕಟ್ಟಿಬಿಡುತ್ತದೆ. ಆ ಬಳಿಕ ಅನಿಲವನ್ನು ತಣಿಸಿ ಪ್ರೊಪೇನ್, ಬ್ಯೂಟೇನ್‌ಗಳನ್ನು ಪ್ರತ್ಯೇಕಿಸಿದರೆ ಅದು ನಮ್ಮ ಸಿಲಿಂಡರಿನ ಅಡಿಗೆ ಅನಿಲವಾಗುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದಾಗ ಗೃಹಿಣಿಗೆ ತಿಳಿಯಲೆಂದು ದುರ್ಗಂಧವನ್ನು ಬೇಕೆಂದೇ ಬೆರೆಸುತ್ತಾರೆ. ಅಷ್ಟು ಅಸಹ್ಯವಾದ ವಾಸನೆಯಿಂದ ಅಷ್ಟು ಉಪಕಾರವಾದದ್ದು ಬೇರೆಲ್ಲೂ ಇರಲಾರದು!

ನಮ್ಮ ದೇಶದಲ್ಲಿ ಈ ವೃತ್ತಿಯು ವಿಸ್ತಾರ ಪಡೆದದ್ದು ಮುಂಬಯಿಯ ಕಡಲಿನಿಂದ. 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರವು ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭವಾಯಿತು. ದಕ್ಷಿಣ ವಸಾಯಿ ಕ್ಷೇತ್ರದ ಗಂಧಕಯುಕ್ತ ಅನಿಲವು ಸಮುದ್ರದಡಿಯ ಕೊಳವೆಯಲ್ಲಿ ಸೂರತ್ ಬಳಿಯ ಹಜೀರಾಕ್ಕೆ ಬಂದು ಅಲ್ಲಿ ಶುದ್ಧಿಯಾಗುತ್ತದೆ. ಕರ್ನಾಟಕದಲ್ಲಿ ತೈಲಬಾವಿಗಳಿಲ್ಲದಿದ್ದರೂ ಮಂಗಳೂರಿನಲ್ಲಿ ದೊಡ್ಡ ತೈಲ ಶುದ್ಧೀಕರಣಾಗಾರವಿದೆ. 2013ರಲ್ಲಿ ದಾಭೋಳದಿಂದ ಬೆಂಗಳೂರಿನವರೆಗಿನ ಅನಿಲ ಕೊಳವೆಮಾರ್ಗವೂ ಕಾರ್ಯಾರಂಭ ಮಾಡಿತು. ಆದುದರಿಂದ ಈ ವೃತ್ತಿಯು ನಮ್ಮ ಮಕ್ಕಳಿಗೆ ಅಷ್ಟೇನೂ ದೂರದ ಮಾತಲ್ಲ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವೃತ್ತಿಗೆ ಸೇರಿದ ತರುಣನು ಮೊದಲ ಕೆಲವು ವರ್ಷಗಳನ್ನು ಸ್ಥಾವರದಲ್ಲಿಯೇ ಕಳೆಯುತ್ತಾನೆ. ಕವಾಟಗಳನ್ನು ಮುಟ್ಟಿ ನೋಡುತ್ತಾನೆ, ಪಂಪುಗಳ ಸದ್ದನ್ನು ಗುರುತಿಸಲು ಕಲಿಯುತ್ತಾನೆ, ರಾತ್ರಿಯ ಪಾಳಿಯ ಕೆಲಸಗಾರರೊಡನೆ ಚಹಾ ಕುಡಿಯುತ್ತಾನೆ. ಬಳಿಕ ಅವನಿಗೆ ಬಡ್ತಿಯಾಗುತ್ತದೆ. ಬಡ್ತಿಯೆಂದರೆ ಬಹುಮಟ್ಟಿಗೆ ನಗರದ ಕಚೇರಿ, ನಕ್ಷೆ, ಸಭೆ, ಅಂದಾಜುಪಟ್ಟಿ. ಊರಿನಲ್ಲಿ ತಂದೆತಾಯಿಗಳು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಈ ಎರಡನೆಯ ಸ್ಥಿತಿಯನ್ನೇ. ವೃತ್ತಿಯಲ್ಲಿ ಮೇಲೇರುವುದೆಂದರೆ ಯಂತ್ರದಿಂದ ದೂರ ಸರಿಯುವುದು ಎಂಬ ಈ ರೂಢಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ಪ್ರಶ್ನಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಲಾಂಗ್‌ಫರ್ಡ್ ಎಂಬಲ್ಲಿ ಎಸ್ಸೊ ಕಂಪನಿಯ ಅನಿಲ ಸಂಸ್ಕರಣ ಸ್ಥಾವರವಿದೆ. ಬಾಸ್ ಜಲಸಂಧಿಯ ಅನಿಲವು ಅಲ್ಲಿ ಶುದ್ಧಿಯಾಗಿ ಮೆಲ್ಬರ್ನ್ ನಗರಕ್ಕೆ ಹೋಗುತ್ತಿತ್ತು. 1998ರ ಸೆಪ್ಟೆಂಬರ್ 25ರಂದು, 1969ರಿಂದ ನಡೆಯುತ್ತಿದ್ದ ಒಂದನೆಯ ಘಟಕದಲ್ಲಿ ಬಿಸಿ ಎಣ್ಣೆಯನ್ನು ಹರಿಸುವ ಪಂಪುಗಳು ನಿಂತುಹೋದುವು. ಎಣ್ಣೆಯ ಹರಿವು ನಿಂತ ಮೇಲೆ, ಸಾಮಾನ್ಯವಾಗಿ ಸುಮಾರು 100 ಡಿಗ್ರಿ ಶಾಖದಲ್ಲಿರಬೇಕಾದ ಒಂದು ಶಾಖ ವಿನಿಮಯಕವು ಒಳಗಿನ ಶೀತಲ ದ್ರವದಿಂದಾಗಿ ಸೊನ್ನೆಗಿಂತ 48 ಡಿಗ್ರಿ ಕೆಳಗಿಳಿಯಿತು. ಅದರ ಹೊರಮೈ ಮೇಲೆ ಹಿಮ ಕಟ್ಟಿತು. ಅಷ್ಟು ತಣ್ಣಗಾದ ಉಕ್ಕು ತನ್ನ ಬಾಗುವ ಗುಣವನ್ನು ಕಳೆದುಕೊಂಡು ಗಾಜಿನಂತೆ ಭಿದುರವಾಗುತ್ತದೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿನೀರು ಸುರಿಯಬಾರದೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೆ ಟನ್ನುಗಟ್ಟಲೆ ತೂಗುವ ಉಕ್ಕಿನ ಪಾತ್ರೆಗೂ ಅದೇ ಗತಿಯೆಂದು ಅಲ್ಲಿನ ಕೆಲಸಗಾರರಿಗೆ ಯಾರೂ ಕಲಿಸಿರಲಿಲ್ಲ. ಅವರು ಸ್ಥಾವರವನ್ನು ಮತ್ತೆ ನಡೆಸುವ ಸದುದ್ದೇಶದಿಂದಲೇ ಬೆಚ್ಚನೆಯ ಎಣ್ಣೆಯನ್ನು ಪುನಃ ಹರಿಸಿದರು. ಪಾತ್ರೆ ಒಡೆಯಿತು. ಇಬ್ಬರು ಮಡಿದರು, ಎಂಟು ಮಂದಿ ಗಾಯಗೊಂಡರು. ಬೆಂಕಿ ಎರಡು ದಿನಗಳಿಗೂ ಮಿಗಿಲಾಗಿ ಉರಿಯಿತು. ಸುಮಾರು ಎರಡು ವಾರಗಳ ಕಾಲ ಇಡೀ ರಾಜ್ಯಕ್ಕೆ ಅನಿಲದ ಅಭಾವವುಂಟಾಗಿ ಕಾರ್ಖಾನೆಗಳು ಮುಚ್ಚಿದುವು, ಜನರು ತಣ್ಣೀರಿನಲ್ಲಿ ಸ್ನಾನಮಾಡಿದರು.

ಕಂಪನಿಯು ತಪ್ಪನ್ನು ಕೆಲಸಗಾರರ ಮೇಲೆ ಹೊರಿಸಲು ನೋಡಿತು. ವಿಚಾರಣೆ ನಡೆಸಿದ ರಾಯಲ್ ಆಯೋಗವು 1999ರ ತನ್ನ ವರದಿಯಲ್ಲಿ ಅದನ್ನು ಒಪ್ಪಲಿಲ್ಲ. ಕೆಲಸಗಾರರಿಗೆ ಈ ಅಪಾಯದ ತರಬೇತಿಯೇ ದೊರೆತಿರಲಿಲ್ಲ. ಆ ಘಟಕದ ಅಪಾಯಗಳನ್ನು ಕ್ರಮವಾಗಿ ಪರಿಶೀಲಿಸುವ ಅಧ್ಯಯನವನ್ನು ಯೋಜಿಸಿದ್ದರೂ ನಡೆಸಿರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ದಿನಕ್ಕೆ ನೂರಾರು ಎಚ್ಚರಿಕೆಯ ಗಂಟೆಗಳು ಬಾರಿಸಿ ಬಾರಿಸಿ ಅವುಗಳಿಗೆ ಕಿವಿಗೊಡುವ ಅಭ್ಯಾಸವೇ ತಪ್ಪಿಹೋಗಿತ್ತು. ಇನ್ನೊಂದು ಅಂಶವನ್ನೂ ಆಯೋಗವು ಗಮನಿಸಿತು: 1992ರಲ್ಲಿ ಸ್ಥಾವರದ ಇಂಜಿನಿಯರುಗಳನ್ನು ಮೆಲ್ಬರ್ನಿಗೆ ವರ್ಗಾಯಿಸಲಾಗಿತ್ತು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಅವರನ್ನು ದೂರವಾಣಿಯಲ್ಲಿ ಕೇಳಬಹುದಾಗಿತ್ತು, ನಿಜ. ಆದರೆ ಯಾವುದನ್ನು ಕೇಳಬೇಕೆಂದು ತಿಳಿಯದವನು ದೂರವಾಣಿಯನ್ನು ಎತ್ತುವುದಾದರೂ ಏತಕ್ಕೆ? ಪಕ್ಕದಲ್ಲೇ ಓಡಾಡುತ್ತಿರುವ ಇಂಜಿನಿಯರನು, ಯಾರೂ ಕೇಳದಿದ್ದರೂ, ಹಿಮ ಕಟ್ಟಿದ ಪಾತ್ರೆಯನ್ನು ಕಣ್ಣಾರೆ ಕಂಡು ನಿಲ್ಲುತ್ತಾನೆ.

ಸ್ಥಳಾಂತರವೊಂದೇ ದುರಂತಕ್ಕೆ ಕಾರಣವೆಂದು ನಾನು ವಾದಿಸುತ್ತಿಲ್ಲ. ನಗರದ ಕಚೇರಿಯಲ್ಲಿ ತಜ್ಞರು ಒಟ್ಟಿಗಿದ್ದರೆ ಪರಸ್ಪರ ಚರ್ಚೆಗೆ ಅನುಕೂಲ, ವೆಚ್ಚವೂ ಕಡಿಮೆ. ಇಂದು ಸ್ಥಾವರದ ಪ್ರತಿಯೊಂದು ಅಂಕಿಯೂ ಕ್ಷಣಾರ್ಧದಲ್ಲಿ ದೂರದ ಪರದೆಯ ಮೇಲೆ ಮೂಡುತ್ತದೆ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪರದೆಯು ತೋರಿಸುವುದು, ಮೊದಲೇ ಯಾರೋ ಅಳೆಯಬೇಕೆಂದು ನಿರ್ಧರಿಸಿದುದನ್ನು ಮಾತ್ರ. ಅಳೆಯದೆ ಬಿಟ್ಟುದನ್ನು ನೋಡಲು ಮನುಷ್ಯನೇ ಬೇಕು.

ಬಳಿಯಲ್ಲಿದ್ದರೆ ಸಾಲದು, ತಿಳಿದುದನ್ನು ಮುಂದಿನವನಿಗೆ ತಿಳಿಸಲೂ ಬೇಕು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ 167 ಮಂದಿ ಸತ್ತರು. ಹಗಲಿನ ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ಪರೀಕ್ಷೆಗೆಂದು ಕಳಚಿ, ಆ ಜಾಗಕ್ಕೆ ಮುಚ್ಚಳ ಹಾಕಿದ್ದರು. ಈ ಸಂಗತಿ ರಾತ್ರಿಯ ಪಾಳಿಯವರಿಗೆ ತಿಳಿಯಲಿಲ್ಲ. ಇನ್ನೊಂದು ಪಂಪು ಕೆಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಮುಚ್ಚಳದ ಬಳಿ ಸೋರಿಕೆಯಾಗಿ ಸ್ಫೋಟವಾಯಿತು. ಲಾರ್ಡ್ ಕಲನ್ ಅವರು 1990ರಲ್ಲಿ ಸಲ್ಲಿಸಿದ ವರದಿಯ 106 ಶಿಫಾರಸುಗಳು ಸಮುದ್ರದ ತೈಲೋದ್ಯಮದ ರೀತಿನೀತಿಗಳನ್ನೇ ಬದಲಾಯಿಸಿದುವು. ಆ ರಾತ್ರಿ ಕೈಯಿಂದ ಕೈಗೆ ಸರಿಯಾಗಿ ತಲುಪದೆ ಹೋದದ್ದು ಒಂದು ಕಾಗದ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವನಿಗೆ ಪ್ರಬಂಧ ಬರೆಯಲು ಬಾರದಿದ್ದರೆ ಚಿಂತೆಯಿಲ್ಲವೆನ್ನುವ ಪೋಷಕರು ಈ ಕಾಗದವನ್ನು ಕುರಿತು ಯೋಚಿಸಬೇಕು.

ಕಲ್ಲೆಣ್ಣೆಯ ಯುಗವೇ ಮುಗಿಯುತ್ತ ಬಂದಿದೆ, ಈ ವೃತ್ತಿಗೆ ಭವಿಷ್ಯವೆಲ್ಲಿ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಅನಿಲವನ್ನು ತೊಳೆಯುವ ಅಮೈನ್ ವಿಧಾನದಿಂದಲೇ ನಾರ್ವೆಯ ಸ್ಲೈಪ್ನರ್ ಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಸಮುದ್ರತಳದ ಕೆಳಗಿನ ಮರಳುಗಲ್ಲಿನ ಪದರಕ್ಕೆ ಹುಗಿಯಲಾಯಿತು. ಇಂಧನ ಯಾವುದೇ ಇರಲಿ, ಒತ್ತಡವನ್ನೂ ಶೀತವನ್ನೂ ವಿಷವನ್ನೂ ಅರಿತವನಿಗೆ ಕೆಲಸ ಇದ್ದೇ ಇರುತ್ತದೆ.

ನಮ್ಮ ಶಾಲೆಯ ಮಟ್ಟದಲ್ಲಿ ಎರಡು ಸಣ್ಣ ಸಲಹೆಗಳಿವೆ. ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಕರೆಯುವಾಗ ಮಹಾಪ್ರಬಂಧಕರನ್ನಷ್ಟೇ ವೇದಿಕೆಗೆ ಕರೆಯದೆ, ಶುದ್ಧೀಕರಣಾಗಾರದ ಪಾಳಿಯಲ್ಲಿ ಇಂದಿಗೂ ದುಡಿಯುತ್ತಿರುವವನನ್ನು ಹತ್ತನೆಯ ತರಗತಿಯ ಮಕ್ಕಳ ನಡುವೆ ಒಂದು ಗಂಟೆ ಕೂರಿಸಬೇಕು. ಎರಡನೆಯದಾಗಿ, ದಾನಿಗಳು ಪ್ರಯೋಗಶಾಲೆಗೆ ಉಪಕರಣಗಳನ್ನು ಉದಾರವಾಗಿ ನೀಡುತ್ತ ಬಂದಿದ್ದಾರೆ. ಅವುಗಳ ಜೊತೆಯಲ್ಲಿ ರಟ್ಟು ಹಾಕಿದ ಒಂದು ದಪ್ಪ ದಾಖಲೆ ಪುಸ್ತಕವೂ ಇರಲಿ. ಯಾವ ಉಪಕರಣ ಎಂದು ಕೆಟ್ಟಿತು, ಯಾರು ಬಿಚ್ಚಿದರು, ಏನು ಬಾಕಿ ಉಳಿದಿದೆ ಎಂಬುದನ್ನು ವಾರದ ಸರದಿಯ ವಿದ್ಯಾರ್ಥಿಯು ಶುದ್ಧ ಕನ್ನಡದಲ್ಲಿ ಬರೆದು, ಶನಿವಾರ ಮುಂದಿನ ಸರದಿಯವನಿಗೆ ಓದಿ ಹೇಳಿ, ಅವನ ಸಹಿ ಪಡೆದು ಒಪ್ಪಿಸಲಿ.